ಬೀಗರಿಗೆ ಕೊಡದ ಗುಳಿಗೆ

ಖಾಸಬಾಗ ಓಣಿಯ ಬಾಳವ್ವನ ಖಾನಾವಳಿಯಲ್ಲಿ ಯಾರೂ ಏನನ್ನೂ ಎರಡು ಸಲ ಕೇಳಬೇಕಿಲ್ಲ. ಇನ್ನೊಂದು ರೊಟ್ಟಿ ಎಂದು ಬಾಯಿ ತೆರೆಯುವಷ್ಟರಲ್ಲಿ ತಾಟಿಗೆ ಬಿದ್ದಿರುತ್ತದೆ. ನೆರೆಯವರು ಅವಳ ಕೊಡೆ ಒಯ್ಯುತ್ತಾರೆ, ಕುಕ್ಕರ್ ಒಯ್ಯುತ್ತಾರೆ, ಒಮ್ಮೆ ಮದುವೆಗೆಂದು ಹೊಸ ಚಪ್ಪಲಿಯನ್ನೂ ಒಯ್ದಿದ್ದರು. ಪಕ್ಕದಲ್ಲೇ ಹೊಲಿಗೆ ಯಂತ್ರ ರಿಪೇರಿ ಮಾಡುವ ನನಗೆ ಇದೆಲ್ಲ ಕಂಡರೆ ಮೈ ಉರಿಯುತ್ತದೆ. ಆದರೆ ನಾನು ಒಂಟಿ ಮನುಷ್ಯ, ಎರಡು ಹೊತ್ತೂ ಅವಳ ಕೈಯಡುಗೆ ಉಣ್ಣುವವನು. ಹೆಚ್ಚು ಮಾತಾಡುವುದಿಲ್ಲ.

ಬಾಳವ್ವನಿಗೆ ಅರೆತಲೆನೋವು ಬಹಳ ವರ್ಷಗಳಿಂದ. ಬಂದಿತೆಂದರೆ ಬಲಗಣ್ಣಿನ ಮೇಲೆ ಸುತ್ತಿಗೆಯಿಂದ ಬಡಿದಂತೆ. ಬೆಳಕು ಕಂಡರಾಗದು, ಬಳ್ಳೊಳ್ಳಿ ಒಗ್ಗರಣೆಯ ವಾಸನೆಗೇ ವಾಂತಿ. ಅಡುಗೆಯವಳಿಗೆ ಒಗ್ಗರಣೆಯೇ ಆಗದಿದ್ದರೆ ಗತಿಯೇನು? ಖಾನಾವಳಿ ಬಾಗಿಲು ಹಾಕುತ್ತಿತ್ತು, ನಾನು ಬಾಳೆಹಣ್ಣು ತಿಂದು ಕಂಡಕಂಡವರ ಮೇಲೆ ಸಿಡುಕುತ್ತಿದ್ದೆ. ಲವಂಗ ಅರೆದು ಹಚ್ಚಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು. ಕೊನೆಗೆ ದವಾಖಾನೆಯ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಎದೆನೋವು ಬಂದಿತ್ತೇ, ಬೇರೆ ಯಾವ ಔಷಧಿ ನಡೆದಿದೆ ಎಂದೆಲ್ಲ ವಿಚಾರಿಸಿ, ಸುಮಾಟ್ರಿಪ್ಟಾನ್ ಎಂಬ ಗುಳಿಗೆ ಬರೆದುಕೊಟ್ಟರು.

ನಮ್ಮ ಬಾಳವ್ವ ಅದನ್ನು ಬೆಲ್ಲದ ಡಬ್ಬಿಯ ಹಿಂದೆ ಜೋಪಾನ ಮಾಡಿದಳು. ಜೋರಿನ ಗುಳಿಗೆ, ಜೀವ ಹೋಗುವಂತಾದಾಗ ನುಂಗಿದರಾಯಿತು ಎಂದು ಅವಳ ಲೆಕ್ಕ. ನೋವು ನೆತ್ತಿಗೇರಿದ ಮೇಲೆ ನುಂಗಿದಳು, ವಾಂತಿಯಲ್ಲಿ ಹೊರಬಂತು. ಡಾಕ್ಟರಮ್ಮ ಚೆನ್ನಾಗಿ ಬೈದರು.

“ಹಾಲು ಉಕ್ಕಿ ಒಲಿ ತುಂಬಾ ಆದಮ್ಯಾಲ ಗ್ಯಾಸ್ ಬಂದ್ ಮಾಡಿದ್ರ ಏನ್ ಬಂತ್ರಿ? ನೋವು ಸುರು ಆದಕೂಡ್ಲೆ ತಗೋರಿ. ಹಂಗಂತ ದಿನಾ ನುಂಗಬ್ಯಾಡ್ರಿ, ನಾ ಬರೆದದ್ದಕ್ಕಿಂತ ಹೆಚ್ಚಾದ್ರ ಗುಳಗೀನ ತಲಿನೋವು ತರತೈತಿ. ಮತ್ತ ಇದನ್ನ ಯಾರಿಗೂ ಹಂಚಬ್ಯಾಡ್ರಿ. ಎದಿ ಬ್ಯಾನಿ ಇದ್ದವ್ರಿಗಂತೂ ಜೀವಕ್ಕ ಕುತ್ತು.”

ಅಂದಿನಿಂದ ಹೇಳಿದಂತೆ ನುಂಗಿ, ಕತ್ತಲೆ ಕೋಣೆಯಲ್ಲಿ ಸ್ವಲ್ಪ ಮಲಗಿ ಎದ್ದಳೆಂದರೆ ಸಂಜೆಗೆ ರೊಟ್ಟಿ ಬಡಿಯುವ ಸದ್ದು. ಅದನ್ನು ಕೇಳಿದರೆ ನನಗೆ ದೇವರಿದ್ದಾನೆ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಖಾನಾಪುರದಿಂದ ಬೀಗರು ಗುರುಪಾದಪ್ಪ ಬಂದರು. ಹೆಂಚಿನ ವ್ಯಾಪಾರಿ, ಗತ್ತಿನ ಮನುಷ್ಯ. ಬಾಳವ್ವನ ಮಗಳು ಸಮೃದ್ಧಿ ಅವರ ಸೊಸೆ, ಈಗ ಬಸುರಿ. ಕುಬಸ, ಅಂದರೆ ಸೀಮಂತದ ಮಾತಾಡಲೆಂದೇ ಬಂದಿದ್ದರು. ಹೋದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದ್ದು ನಮಗೆಲ್ಲ ಗೊತ್ತಿತ್ತು. ತಾಟಿನ ಮುಂದೆ ಕೂತವರು ಹಣೆ ಹಿಡಿದುಕೊಂಡರು.

“ಬಾಳವ್ವಾರ, ಮುಂಜಾನಿಂದ ತಲಿ ಸಿಡ್ಯಾಕ ಹತ್ತೇತಿ. ನಿಮ್ಮ ಆ ಗುಳಗಿ ಒಂದು ಕೊಡ್ರಿ. ಭಾಳ ಚಲೋ ಐತಿ ಅಂತ ಸಮೃದ್ಧಿ ಹೇಳ್ತಿರ್ತಾಳ.”

ಬಾಳವ್ವನ ಕೈ ಹಿಟ್ಟಿನಲ್ಲೇ ನಿಂತಿತು. “ಅದೊಂದು ಬಿಟ್ಟು ಏನರ ಕೇಳ್ರಿ, ಬೀಗರ. ಅದನ್ನ ನಿಮಗ ಕೊಡಂಗಿಲ್ಲ.”

“ಊರ ಮಂದಿಗೆಲ್ಲ ಚಪ್ಪಲಿ ಸುದ್ದಾ ಕೊಡ್ತೀರಿ. ಬೀಗನಿಗೆ ಒಂದು ಗುಳಗಿ ಇಲ್ಲೇನ್ರಿ?”

“ನಿಮ್ಮ ಎದಿಗಿ ಅದು ಆಗಂಗಿಲ್ಲರಿ. ಡಾಕ್ಟರಮ್ಮ ಹೇಳ್ಯಾರ.”

“ಎದಿ ಸುದ್ದಿ ಯಾಕ? ನನಗ ನೋಯಾಕತ್ತಿದ್ದು ತಲಿ!” ಎಂದವರೇ ಎದ್ದು ಹೊರಟರು.

ನಮ್ಮ ಕಡೆ ಬೀಗರು ತಾಟು ಬಿಟ್ಟು ಎದ್ದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಹಳತಾಗುವುದಿಲ್ಲ. ಅತ್ತ ಬಸುರಿ ಮಗಳು ಅದೇ ಮನೆಯಲ್ಲಿ ಬಾಳಬೇಕು. ಕೊಟ್ಟು ಕೈ ತೊಳೆದುಕೋ ಮಾರಾಯ್ತಿ ಎಂಬ ಮಾತು ನನ್ನ ಬಾಯಿಗೇ ಬಂದಿತ್ತು.

ಬಾಳವ್ವ ಅಳುತ್ತಲೇ ಸೆರಗು ಬಿಗಿದು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು. ಆಟೊದಲ್ಲಿ ಬೀಗರ ಪಕ್ಕ ತಾನೂ ಹತ್ತಿ ಕೂತು, “ಬಸ್ ಸ್ಟ್ಯಾಂಡ್ ಬ್ಯಾಡಪಾ, ದವಾಖಾನಿಗೆ ಹೊಡಿ” ಎಂದಳು. ಒಲೆಯ ಮೇಲಿನ ರೊಟ್ಟಿ ನನ್ನ ಪಾಲಿಗೆ ಬಂತು. ಹೊಲಿಗೆ ಯಂತ್ರ ಬಿಚ್ಚುವ ಕೈ ರೊಟ್ಟಿ ತಿರುವಿದರೆ ಏನಾಗಬೇಕೋ ಅದೇ ಆಯಿತು.

ಅವರು ಮರಳಿ ಬಂದಾಗ ಊಟದ ಹೊತ್ತು ಮೀರಿತ್ತು. ಗುರುಪಾದಪ್ಪನವರ ಗತ್ತು ಇಳಿದಿತ್ತು. ರಕ್ತದೊತ್ತಡ ಸಿಕ್ಕಾಪಟ್ಟೆ ಏರಿತ್ತಂತೆ. ಆರಾಮಾಗಿದ್ದೇನಲ್ಲ ಎಂದು ತಮ್ಮ ಬಿಪಿ ಗುಳಿಗೆಯನ್ನು ತಾವೇ ಬಿಟ್ಟಿದ್ದರಂತೆ. ಡಾಕ್ಟರಮ್ಮ ಅಲ್ಲೇ ಮಲಗಿಸಿ ಔಷಧಿ ಕೊಟ್ಟು, ರಕ್ತನಾಳ ಬಿಗಿಮಾಡುವ ಆ ಗುಳಿಗೆಯನ್ನು ಇಂಥ ಎದೆ ಇಟ್ಟುಕೊಂಡು ನುಂಗಿದ್ದರೆ ಏನಾಗಬಹುದಿತ್ತು ಎಂದು ಬಿಡಿಸಿ ಹೇಳಿದ್ದರು.

ಅದೇ ಜಾಗದಲ್ಲಿ ಕೂತು, ನಾನು ಸುಟ್ಟಿದ್ದ ರೊಟ್ಟಿಯನ್ನು ಚೂರೂ ಬಿಡದೆ ತಿಂದರು. ಏನೆನ್ನುತ್ತಾರೋ ಎಂದು ಬಾಳವ್ವ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಕೈ ತೊಳೆದವರೇ ಎಲ್ಲರಿಗೂ ಕೇಳುವಂತೆ ಸೊಸೆಗೆ ಫೋನ್ ಹಚ್ಚಿದರು.

“ಸಮೃದ್ಧಿ, ಇನ್ನ ಮ್ಯಾಲ ನನ್ನ ಬಿಪಿ ಗುಳಗಿ ನಿನ್ನ ಕೈಯಾಗ ಇರ್ಲಿ, ದಿನಾ ನೀನ ಕೊಡವ್ವ. ನಾ ಸಿಟ್ಟಿಗೆದ್ರೂ ಅಂಜಬ್ಯಾಡ. ಬಾಳವ್ವನ ಮಗಳ ಅದಿ ನೀ.”