ಬದುವಿನ ಪುಂಡಿ

ಚಾಚಾರ ಗಡ್ಡ ಒಣಗಿದ ಮೆಣಸಿನಕಾಯಿಯ ಬಣ್ಣದ್ದು. ಮೆಹಂದಿ ಹಚ್ಚಿ ಸ್ವಲ್ಪ ದಿನವಾದರೆ ಬುಡದಲ್ಲಿ ಬೆಳ್ಳಗೆ ಇಣುಕುತ್ತಿತ್ತು. "ಬೆಳಿಗೆ ರೋಗ ಬಂದಂಗೈತಲ್ರಿ ಚಾಚಾ" ಎಂದು ನಾನು ಕಾಡಿದರೆ, "ಔಷಧ ಹೊಡೀಬೇಕು ಬೇಟಿ" ಎಂದು ನಗುತ್ತಿದ್ದರು. ಬಂಕಾಪುರದ ಹೊರಗೆ ದಾರಿಗೆ ಹತ್ತಿಕೊಂಡ ಹೊಲ ಅವರದು, ಅದರಾಚೆಗಿನದು ನಮ್ಮದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಸಿ ಯಾವುದು, ಕಳೆ ಯಾವುದು ಎಂದು ತೋರಿಸಿಕೊಟ್ಟವರೇ ಅವರು.

ಹೊಲದ ತುಂಬ ಮೆಣಸಿನಕಾಯಿ ಹಚ್ಚಿದರೂ ದಾರಿಯ ಬದುವಿಗೆ ಮಾತ್ರ ಪ್ರತಿವರ್ಷ ಪುಂಡಿ ಸೊಪ್ಪು ಬಿತ್ತುತ್ತಿದ್ದರು. ಹಾದುಹೋಗುವ ಹೆಂಗಸರು ಯಾರನ್ನೂ ಕೇಳದೆ ಪಲ್ಯಕ್ಕೆ ಉಡಿ ತುಂಬ ಹರಿದುಕೊಂಡು ಹೋಗುತ್ತಿದ್ದರು. "ನಿಮಗರ ಒಂದಿಷ್ಟು ಉಳಿಸ್ತಾರೇನ್ರಿ?" ಎಂದು ನಮ್ಮತ್ತೆ ಕೇಳಿದರೆ ಚಾಚಾರ ಉತ್ತರ ಒಂದೇ: "ನಡುವು ನಮ್ದು, ಬದು ಮಂದೀದು."

ಮಳೆ ಬಿಡದೆ ಹೊಡೆದ ವರ್ಷ ಬೆಳೆ ಸಮೀಕ್ಷೆಯವನು ಮೊಬೈಲ್ ಹಿಡಿದು ಬಂದ. ಯಾರ ಹೊಲದಲ್ಲಿ ಏನಿದೆ ಎಂದು ಫೋಟೋ ತೆಗೆದು ಸರ್ಕಾರಕ್ಕೆ ಕಳಿಸುವುದು ಅವನ ಕೆಲಸ. "ಎರಿ ಹೊಲ ಸಾಹೇಬ್ರ, ಕಾಲು ಹುಗೀತಾವು. ಅಲ್ಲೇ ನಿಂತು ತಗೋರಿ" ಎಂದರು ಚಾಚಾ. ಮೇಲಾಗಿ ಒಂದು ಕಟ್ಟು ಪುಂಡಿ ಹರಿದು ಅವನ ಕೈಗೂ ಕೊಟ್ಟರು. ಅವನು ಅವರ ಹೊಲದ ಫೋಟೋವನ್ನು ದಾರಿಯ ಮೇಲೆ ನಿಂತೇ ಹೊಡೆದುಕೊಂಡ, ನಮ್ಮದಕ್ಕೆ ಮಾತ್ರ ಕೆಸರು ತುಳಿದು ಒಳಗೆ ಬಂದು ಹೋದ.

ಮೆಣಸಿನಕಾಯಿ ಗಿಡದಲ್ಲೇ ಕೊಳೆಯಿತು, ನಮ್ಮದೂ ಅವರದೂ. ಬೆಳೆಹಾನಿ ಪರಿಹಾರ ನಮ್ಮ ಖಾತೆಗೆ ಬಂತು, ಚಾಚಾರಿಗೆ ಬರಲಿಲ್ಲ. ಅವರಿಗೋ ಅದರ ಮೇಲೇ ಜೀವ. ಬಂದರೆ ಮುಂದಿನ ಮುಂಗಾರಿಗೆ ತಾವೇ ಬಿತ್ತುವುದು, ಇಲ್ಲದಿದ್ದರೆ ಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ, ಹಾಕಿ ಇನ್ನೊಬ್ಬರು ಉಳುವುದನ್ನು ನೋಡುತ್ತ ಕೂರುವುದು. ನಾನೇ ಅವರನ್ನು ಕರೆದುಕೊಂಡು ಶಿಗ್ಗಾಂವಿಯ ಕಚೇರಿಗೆ ಹೋದೆ.

ಗುಮಾಸ್ತ ಕಂಪ್ಯೂಟರ್ ನೋಡಿ ಹೇಳಿದ: "ನಿಮ್ಮ ಹೊಲದಾಗ ಪುಂಡಿ ಐತಂತ ಬರದಾರ. ಫೋಟೋನೂ ಪುಂಡೀದ ಐತಿ. ಪುಂಡಿ ಹಾಳಾಗೇತೇನ್ರಿ?"

"ಇಲ್ರಿ. ಪುಂಡಿ ಛಲೋ ಬಂದೈತಿ. ಹಾಳಾಗಿದ್ದು ಮೆಣಸಿನಕಾಯಿ."

"ಮೆಣಸಿನಕಾಯಿ ಇದರಾಗ ಇಲ್ಲಲ್ರಿ ಅಜ್ಜಾರ. ತಕರಾರು ಕೊಡೂ ಮುದ್ದತ್ತೂ ಮುಗದೈತಿ."

ಹೊರಗೆ ಬಂದಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಗುಮಾಸ್ತನ ಮೇಲೆಯೂ, ಇವರ ಮೇಲೆಯೂ. "ಪುಂಡಿನೂ ಹಾಳಾಗೇತಿ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ?" ಎಂದುಬಿಟ್ಟೆ.

"ದಿನಾ ಮಂದಿ ಒಯ್ದು ತಿನ್ನಾಕತ್ತಾರಲ್ಲ ಬೇಟಿ, ಹೆಂಗ ಹಾಳಾಗೇತಿ ಅನ್ಲಿ?"

ಆಮೇಲೂ ಎರಡು ಸಲ ಅಲೆದೆವು. ಏನೂ ಆಗಲಿಲ್ಲ. ಮುಂಗಾರಿಗೆ ಮುಂಚೆ ಹೊಲ ಲಾವಣಿಗೆ ಹೋಯಿತು. ಹಿಡಿದವನು ದಾರಿಯ ಅಂಚಿನವರೆಗೂ ಗೋವಿನಜೋಳ ಹಾಕಿದ. ನಮ್ಮ ಹೊಲಕ್ಕೆ ಬಂದ ದುಡ್ಡಿನಲ್ಲಿ ನಾವು ಬೀಜ ತಂದೆವು. ಚಾಚಾರ ಎದುರು ಅದನ್ನು ಬಿತ್ತಲು ನನಗೆ ಸಂಕಟವಾಗುತ್ತಿತ್ತು. ಅವರೇ ನಮ್ಮ ಬದುವಿನ ಮೇಲೆ ಕುಳಿತು, "ಸಾಲು ಸೊಟ್ಟಾಗಾಕತ್ತೈತಿ ನೋಡು" ಎಂದು ಮೊದಲಿನಂತೆಯೇ ತಿದ್ದುತ್ತಿದ್ದರು.

ಚಾಚಾ ತೀರಿಕೊಂಡು ವರ್ಷವಾಗುತ್ತ ಬಂತು. ಅವರನ್ನು ನಾನು ಕಡೆಯ ಸಲ ನೋಡಿದ್ದು ಅದೇ ದಾರಿಯಲ್ಲಿ. ಗೋವಿನಜೋಳದ ಅಂಚಿಗೆ, ಹಳೆಯ ಬೀಜ ಬಿದ್ದು, ನಾಲ್ಕಾರು ಪುಂಡಿ ಗಿಡ ತಾವಾಗಿ ಎದ್ದಿದ್ದವು. ದುಂಡಸಿ ಕಡೆಯ ಒಬ್ಬ ಹೆಂಗಸು ರೂಢಿಯಂತೆ ಕೈ ಹಾಕಿದಳು. ಚಾಚಾ ದಡಬಡಿಸಿ ಹೋಗಿ ತಡೆದರು.

"ಬ್ಯಾಡವ್ವ, ಕೇಳದ ಹರೀಬ್ಯಾಡ. ಹೊಲ ಈಗ ನಮ್ಮ ಕೈಯಾಗಿಲ್ಲ."