ಒಂದು ಗೆರೆ ಬೆಳಕು

ಅಂಗಡಿಯಲ್ಲಿ ಎಲ್ಲರೂ ಅವನನ್ನು ಮಬ್ಬಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಮುಂದಿನ ಕೌಂಟರಿನಲ್ಲಿ ವಾಚು ಮಾರುವ ಹೆಂಗಸು. ‘ನಾನು ಬೆಳಗಿಸಿ ಮಾರ್ತೀನಿ, ಇವರು ಹಿಂದೆ ಕೂತು ಮಬ್ಬು ಮಾಡಿ ಕಳಿಸ್ತಾರೆ’ ಎಂದು ಅವಳು ಒಮ್ಮೆ ನಗೆಯಾಡಿದ್ದೇ ನೆಪ, ಹೆಸರು ಅಂಟಿಕೊಂಡಿತು. ಅವನೂ ನಕ್ಕ. ಮಾತು ನಿಜವೇ ಆಗಿತ್ತು.

ಮುಂದಿನ ಗಾಜಿನ ಕಪಾಟಿನಲ್ಲಿ ಓಡುವವರ, ನಡೆಯುವವರ ವಾಚುಗಳು ಸಾಲಾಗಿ ಕಣ್ಣು ಕೋರೈಸುತ್ತಿದ್ದವು. ಕೆಳಗೆ ಹಾಸಿದ ಬಟ್ಟೆಯಡಿ ಅವುಗಳಿಗೆ ಇಡೀ ದಿನ ಚಾರ್ಜಿನ ವೈರು ಸಿಕ್ಕಿಸಿರುತ್ತಿತ್ತು. ಆ ಹೊಳಪು ನೋಡಿ ಕೊಂಡವರು ವಾರದೊಳಗೆ ವಾಪಸು ಬರುವರು, ‘ಚಾರ್ಜು ಎರಡು ದಿನವೂ ಬಾಳಲ್ಲ’ ಎಂದು ದೂರುವರು. ಅಂಥವರನ್ನು ಹಿಂದಿನ ಕೌಂಟರಿಗೆ, ಟ್ಯೂಬ್‌ಲೈಟಿನ ಕೆಳಗೆ ಕೂತ ಮಬ್ಬಣ್ಣನ ಬಳಿಗೆ ಕಳಿಸುತ್ತಿದ್ದರು.

ಅವನು ಒಂದು ಕಾಲಕ್ಕೆ ನಿಜವಾದ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದವನು. ಈ ಹೊಸ ವಾಚುಗಳಿಗೆ ಬಿಚ್ಚಲು ಒಂದು ಸ್ಕ್ರೂ ಕೂಡ ಇರಲಿಲ್ಲ. ಅವನ ಇಪ್ಪತ್ತು ವರ್ಷದ ಕೈಚಳಕ ಈಗ ಬೆರಳಾಡಿಸುವ ಮೂರು ಕೆಲಸಕ್ಕೆ ಇಳಿದಿತ್ತು. ಪರದೆಯ ಬೆಳಕನ್ನು ಅದರ ಅಳತೆಪಟ್ಟಿಯ ಕಟ್ಟಕಡೆಯ ಒಂದು ಗೆರೆಗೆ ಇಳಿಸುವುದು, ಬಿಸಿಲಿಗೆ ತಾನಾಗಿ ಬೆಳಕು ಏರುವುದನ್ನು ತೆಗೆದುಬಿಡುವುದು, ಸದಾ ಉರಿಯುವ ಮುಖವನ್ನು ಆರಿಸಿ ಕೈ ಎತ್ತಿದಾಗ ಮೂರು ಸೆಕೆಂಡು ಮಾತ್ರ ಕಾಣುವಂತೆ ಮಾಡುವುದು. ಎರಡು ನಿಮಿಷದ ಕೆಲಸ. ಆದರೆ ಎರಡು ನಿಮಿಷದಲ್ಲಿ ಕೊಟ್ಟರೆ ಏನೂ ಮಾಡಿಲ್ಲ ಅಂದುಕೊಳ್ಳುತ್ತಾರೆ ಎಂದು ಮಾಲೀಕರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಅವನು ‘ಸಂಜೆ ಬನ್ನಿ’ ಎಂದು ವಾಚನ್ನು ಡ್ರಾಯರಿಗೆ ಹಾಕುವನು. ಸಂಜೆ, ‘ಒಳಗೆ ಸ್ವಲ್ಪ ಸರಿ ಮಾಡಿದೀನಿ, ಇನ್ನು ನಾಲ್ಕು ದಿನ ಬರುತ್ತೆ’ ಎಂದು ಕೊಡುವನು. ನಾಲ್ಕು ದಿನ ಬರುತ್ತಲೂ ಇತ್ತು. ಬಿಸಿಲಿನಲ್ಲಿ ಕಾಣುವುದಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ‘ಕೈ ಅಡ್ಡ ಹಿಡ್ಕೊಳ್ಳಿ’ ಅನ್ನುವನು. ಮೊದಮೊದಲು ಮನಸ್ಸು ಚುಚ್ಚುತ್ತಿತ್ತು. ಆಮೇಲೆ ಅದೂ ಸುಮ್ಮನಾಯಿತು.

ಅವನಿಗೆ ಒಬ್ಬಳೇ ತಂಗಿ. ಅಗ್ನಿಶಾಮಕ ಠಾಣೆಯಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ ಕೆಲಸದವಳು. ಉದ್ದುದ್ದ ಪೈಪುಗಳನ್ನು ತೊಳೆದು, ಒಣಹಾಕಿ, ಸುತ್ತಿಡುವುದು ಅವಳ ಕೆಲಸ. ಗಂಟೆ ಹೊಡೆದಾಗ ಉಳಿದವರು ದಡದಡನೆ ಗಾಡಿ ಹತ್ತುವುದನ್ನು ಒದ್ದೆ ಕೈಯಲ್ಲಿ ನಿಂತು ನೋಡಿದ್ದೇ ಒಂಬತ್ತು ವರ್ಷ. ಆ ವರ್ಷ ಗಾಡಿ ಹತ್ತುವ ಕೆಲಸಕ್ಕೇ ಅರ್ಜಿ ಕರೆದರು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಲಿಖಿತ ಪರೀಕ್ಷೆ ಪಾಸಾದಳು. ಉಳಿದದ್ದು ಓಟ. ದೊಡ್ಡ ಮೈದಾನಕ್ಕೆ ಐದು ಸುತ್ತು, ಮೂರು ಕಿಲೋಮೀಟರು, ಹದಿನೆಂಟು ನಿಮಿಷದಲ್ಲಿ.

ಪಕ್ಕದಲ್ಲಿ ಯಾರಾದರೂ ಓಡಿದರೆ ತಾನೂ ಅವರ ವೇಗಕ್ಕೆ ಬಿದ್ದು, ಅರ್ಧದಲ್ಲೇ ದಮ್ಮು ಕಳೆದುಕೊಳ್ಳುವುದು ಅವಳ ಚಾಳಿ. ಅದಕ್ಕೇ ಅಣ್ಣ ಅಂಗಡಿಯಿಂದ ಎದೆಬಡಿತ ಎಣಿಸಿ ತೋರಿಸುವ ಒಂದು ವಾಚು ತಂದುಕೊಟ್ಟು, ಮೂರು ಸುತ್ತು ಮುಗಿಯುವ ತನಕ ಎದೆಬಡಿತ ನೂರ ಅರವತ್ತು ದಾಟಬಾರದು ಎಂದು ಹೇಳಿಕೊಟ್ಟ. ನಾಲ್ಕು ತಿಂಗಳು, ಸೂರ್ಯ ಹುಟ್ಟುವ ಮೊದಲು, ಅವಳು ಆ ಅಂಕಿಯ ಮಾತು ಕೇಳಿ ಓಡಿದಳು. ಹದಿನೇಳೂವರೆ ನಿಮಿಷಕ್ಕೆ ಬಂದು ನಿಂತಳು.

ಪರೀಕ್ಷೆಗೆ ಒಂದು ವಾರವಿರುವಾಗ ಅಂಗಡಿಗೆ ಬಂದಳು. ವಾಚು ಎರಡನೇ ದಿನಕ್ಕೇ ಸತ್ತುಹೋಗುತ್ತಿದೆ, ಅವತ್ತೇ ಕೈ ಕೊಟ್ಟರೆ ಏನು ಗತಿ ಎಂಬುದು ಅವಳ ಭಯ. ಇನ್ನೂ ಏನೇನೋ ಹೇಳುತ್ತಿದ್ದಳು. ಅವಳ ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ಅವನು ಅರ್ಧ ಕೇಳಿಸಿಕೊಂಡು, ಬಾಯಿಪಾಠದ ಹಾಗೆ, ‘ಸಂಜೆ ಬಾ’ ಅಂದ.

‘ನನಗೂ ಸಂಜೇನಾ?’ ಎಂದು ಅವಳು ನಕ್ಕಳು.

ದಿನಾ ರಾತ್ರಿ ಚಾರ್ಜಿಗೆ ಹಾಕು, ಅಷ್ಟೇ ಸಾಕು ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ಅವನ ನಾಲಿಗೆಗೆ ಬರಲೇ ಇಲ್ಲ. ಸಂಜೆ ಬಂದವಳಿಗೆ, ‘ಒಳಗೆ ಸ್ವಲ್ಪ ಸರಿ ಮಾಡಿದೀನಿ’ ಎಂದು ಕೊಟ್ಟ. ಆಮೇಲಿನ ಮುಂಜಾವುಗಳ ನಸುಗತ್ತಲಲ್ಲಿ ಅಂಕಿ ಚೆನ್ನಾಗಿಯೇ ಕಂಡಿತು. ‘ನನ್ನಣ್ಣನ ಕೈಗುಣ’ ಎಂದು ಅವಳು ಠಾಣೆಯಲ್ಲೆಲ್ಲ ಹೇಳಿಕೊಂಡು ಓಡಾಡಿದಳು.

ಪರೀಕ್ಷೆ ಇದ್ದದ್ದು ಬೆಳಿಗ್ಗೆ ಆರಕ್ಕೆ. ದೊಡ್ಡ ಅಧಿಕಾರಿಯ ಜೀಪು ಬಂದದ್ದು ಹತ್ತೂವರೆಗೆ. ಬಿಸಿಲು ಚುರುಗುಟ್ಟುತ್ತಿತ್ತು. ಸೀಟಿ ಊದಿದ್ದೇ ತಡ, ಇಪ್ಪತ್ತರ ಹುಡುಗಿಯರು ಹಾರಿಕೊಂಡು ಹೋದರು, ಅವರ ಜೊತೆ ಇವಳೂ. ಅಣ್ಣ ಬೇಲಿಯ ಬಳಿ ನಿಂತು ನೋಡುತ್ತಿದ್ದ. ಮೊದಲ ಸುತ್ತಿನಲ್ಲಿ ಅವಳು ಕೈ ಎತ್ತಿ ನೋಡಿದಳು. ಮತ್ತೆ ಎತ್ತಿದಳು. ಓಡುತ್ತಲೇ ಇನ್ನೊಂದು ಕೈಯನ್ನು ವಾಚಿನ ಮೇಲೆ ಅಡ್ಡ ಹಿಡಿದಳು, ಮುಗ್ಗರಿಸಿದಳು. ಅಣ್ಣ ಬೇಲಿ ಹಿಡಿದು ಮುಂದಕ್ಕೆ ಬಾಗಿದ. ಕೈ ಅಡ್ಡ ಹಿಡ್ಕೊಳ್ಳಿ ಎಂದು ಎಷ್ಟು ಜನಕ್ಕೆ ಹೇಳಿದ್ದನೋ. ಓಡುವವರು ಹಾಗೆ ಹಿಡಿಯುವುದನ್ನು ನೋಡಿದ್ದು ಅದೇ ಮೊದಲು. ‘ನಿಧಾನ, ನಿಧಾನ’ ಎಂದು ಕೂಗಿದ. ಸುತ್ತಲಿನ ಜನ ‘ಓಡು, ಓಡು’ ಎಂದು ಕೂಗುತ್ತಿದ್ದರು. ನಾಲ್ಕನೆಯ ಸುತ್ತಿಗೆ ಅವಳ ಕಾಲು ಸೋತಿತು. ಗೆರೆ ಮುಟ್ಟುವಾಗ ಒಂಬತ್ತು ಸೆಕೆಂಡು ತಡವಾಗಿತ್ತು.

ವಾಚನ್ನು ಬಿಚ್ಚಿ ಅಣ್ಣನ ಕೈಗೆ ಕೊಟ್ಟು ಅವಳು ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಅವನು ಎಲ್ಲವನ್ನೂ ಮೊದಲಿನಂತೆ ಮಾಡಿದ. ಬೆಳಕಿನ ಗೆರೆಗಳನ್ನೆಲ್ಲ ಏರಿಸಿದ, ಆರಿಸಿದ್ದನ್ನೆಲ್ಲ ಹಚ್ಚಿದ. ಎರಡು ನಿಮಿಷವೂ ಹಿಡಿಯಲಿಲ್ಲ.

‘ಯಾಕೋ ಅಂಕಿನೇ ಕಾಣಲಿಲ್ಲ ಅಣ್ಣ’ ಎಂದಳು, ಮುಖದಿಂದ ನೀರು ಇಳಿಯುತ್ತಿದ್ದ ಹಾಗೇ.

‘ಬಿಸಿಲಲ್ವೇನೇ. ಕಣ್ಣು ಕತ್ತಲೆ ಬಂದಿರುತ್ತೆ.’

ಅವಳು ತಲೆಯಾಡಿಸಿದಳು.

ಮಾರನೆಯ ದಿನದಿಂದ ಮತ್ತೆ ಪೈಪು ಸುತ್ತುವ ಕೆಲಸ. ಯಾರು ಕೇಳಿದರೂ, ನನ್ನ ದಮ್ಮೇ ಇಷ್ಟು ಅನ್ನುವಳು. ಪೈಪು ಸುತ್ತೋಕೆ ಇಷ್ಟು ದಮ್ಮು ಸಾಕು ಬಿಡು ಎಂದು ಗಂಡ ಕುಟುಕಿದರೆ ಅದಕ್ಕೂ ನಗುವಳು. ಇತ್ತ ಅಣ್ಣ ಬೆಳಿಗ್ಗೆ ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ, ಕೈಗೆ ಕೈ ಅಡ್ಡ ಹಿಡಿದು ಓಡುವ ತಂಗಿಯೇ ಕಾಣುವಳು. ಪ್ರಾರ್ಥನೆ ಅರ್ಧಕ್ಕೇ ನಿಲ್ಲುವುದು. ದೇವರಿಗೆ ಗೊತ್ತಿರುವುದನ್ನು ಅವಳಿಗೂ ಹೇಳದೆ ವಿಧಿಯಿಲ್ಲ ಅನ್ನಿಸಲು ಅವನಿಗೆ ಒಂದು ತಿಂಗಳು ಬೇಕಾಯಿತು.

ರಜೆಯ ದಿನ ಮಧ್ಯಾಹ್ನ ಹೋದಾಗ ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಗೆರೆ ಇಳಿಸಿದ್ದು, ಡ್ರಾಯರಿನಲ್ಲಿ ಇಟ್ಟದ್ದು, ಆಮೇಲೆ ಮೈದಾನದಲ್ಲಿ ಕದ್ದು ಸರಿಮಾಡಿದ್ದು, ಒಂದನ್ನೂ ಬಿಡಲಿಲ್ಲ. ಅವಳು ಕೈ ಒರೆಸಿಕೊಂಡು ಕೆಳಗೆ ಹೋಗಿ ವಾಚು ತಂದಳು. ಸುಡುಬಿಸಿಲಿಗೆ ಹಿಡಿದಳು. ಅಂಕಿಗಳು ಫಳಫಳನೆ ಹೊಳೆದವು.

‘ನೋಡು, ಎಷ್ಟು ಚೆನ್ನಾಗಿ ಕಾಣ್ತಿದೆ.’

‘ಅದೇ ಹೇಳಿದೆನಲ್ಲೇ, ನೀನು ಮುಖ ತೊಳೆಯೋಕೆ ಹೋದಾಗ ನಾನೇ...’

‘ಸಾಕು ಬಿಡಣ್ಣ. ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡ್ರೆ ನನಗೆ ಹಗುರ ಆಗುತ್ತೆ ಅಂತ ತಾನೆ ಬಂದಿದ್ದು? ಅಂಗಡಿಗೆ ಬಂದೋರಿಗೆ ಹೇಳೋ ಥರ ನನಗೂ ಹೇಳ್ಬೇಡ.’ ಅವಳು ವಾಚನ್ನು ಅವನ ಅಂಗೈಯಲ್ಲಿಟ್ಟಳು. ‘ಸೋತಿದ್ದು ನನ್ನ ಕಾಲು. ನೀನು ಒಳ್ಳೆಯವನು, ಅದಕ್ಕೇ ಹೀಗೆಲ್ಲ ಹೇಳ್ತೀಯ.’

ಅವನು ದೇವರಾಣೆ ಇಟ್ಟು ಹೇಳಿದ. ಅವಳು ಅವನಿಗೆ ಕುಡಿಯಲು ನೀರು ತಂದುಕೊಟ್ಟು, ಉಳಿದ ಬಟ್ಟೆಗಳನ್ನು ಕೊಡವಿ ತಂತಿಗೆ ಹಾಕತೊಡಗಿದಳು. ಬೆಳಗಿನ ಓಟ ಬಿಟ್ಟುಬಿಟ್ಟಿದ್ದೇನೆ, ಮಂಡಿ ನೋವು ಎಂದು ಬೆನ್ನು ಹಾಕಿಕೊಂಡೇ ಹೇಳಿದಳು.

ಮರುದಿನ ಹಿಂದಿನ ಕೌಂಟರಿಗೆ ಅಂಚೆ ಹಂಚುವವನೊಬ್ಬ ಬಂದ. ದಿನವಿಡೀ ರಸ್ತೆಯ ಮೇಲಿರುವವನು, ಕತ್ತಿನ ತನಕ ಕಪ್ಪಿಟ್ಟಿದ್ದ. ವಾಚು ಎರಡು ದಿನವೂ ಬಾಳುವುದಿಲ್ಲ ಎಂದ. ಮಬ್ಬಣ್ಣ ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ.

‘ಬಿಸಿಲಲ್ಲಿ ಕಾಣ್ಬೇಕಾ, ನಾಲ್ಕು ದಿನ ಬಾಳ್ಬೇಕಾ? ಎರಡೂ ಆಗಲ್ಲ. ಒಂದು ಆರಿಸ್ಕೊಳ್ಳಿ.’

‘ಇದೇನ್ರೀ ಇದು. ರಿಪೇರಿ ಬರಲ್ಲ ಅಂತ ನೆಟ್ಟಗೆ ಹೇಳಿ’ ಎಂದು ಅವನು ದನಿ ಏರಿಸಿದ. ಮಾಲೀಕರು ತಮ್ಮ ಕುರ್ಚಿಯಿಂದಲೇ ಕತ್ತು ತಿರುಗಿಸಿದರು. ಮುಂದಿನ ಕೌಂಟರಿನ ಹೆಂಗಸು ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನೋಡಿದಳು.

ಮಬ್ಬಣ್ಣ ವಾಚು ತೆಗೆದುಕೊಂಡು ಡ್ರಾಯರು ಎಳೆದ. ಒಳಗೆ ತಂಗಿಯ ವಾಚು ಇತ್ತು. ಇದನ್ನು ಅದರ ಪಕ್ಕಕ್ಕೆ ಇಟ್ಟ.

‘ಸಂಜೆ ಬನ್ನಿ’ ಅಂದ.