ಬ್ರಾಹುಯಿ ಸೋದರನಿಗೆ ಸನ್ಮಾನ

ಸೌದಿಯ ಈ ತಾಯಿಫ್‌ಗೆ ಬಂದವರೆಲ್ಲ ಮೊದಲ ವಾರ ಬೆಟ್ಟದ ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ. ನಾನೂ ಕಳಿಸಿದ್ದೆ. ನಮ್ಮ ಆಸ್ಪತ್ರೆಯ ವ್ಯಾನ್ ಡ್ರೈವರ್ ಮಾತ್ರ ಇವನ್ನು ಬೆಟ್ಟ ಎಂದು ಒಪ್ಪಲೇ ಇಲ್ಲ. "ಲೈಟುಕಂಬ ನೆಡಿಸಿಕೊಂಡ ಮೇಲೆ ಅದೆಂಥ ಬೆಟ್ಟ, ಸಿಸ್ಟರ್?" ಎನ್ನುತ್ತಿದ್ದ. ಹದಾ ಘಾಟಿಯ ರಸ್ತೆಬದಿಯಲ್ಲಿ ಕುಳಿತು ಬಿಸ್ಕತ್ತಿಗೆ ಕೈಚಾಚುವ ಮಂಗಗಳನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ಅವನ ಬೆಟ್ಟದಲ್ಲಿ ತೋಳಗಳಿವೆಯಂತೆ, ಅವು ಯಾರ ಮುಂದೆಯೂ ಕೈಚಾಚುವುದಿಲ್ಲವಂತೆ.

ಅವನ ಊರು ಬಲೂಚಿಸ್ತಾನದ ಕಲಾತ್ ಕಡೆ, ಬೆಟ್ಟಗಳ ನಡುವಿನ ಒಂದು ಜಿಲ್ಲೆ. ಮನೆಮಾತು ಬ್ರಾಹುಯಿ. ನನ್ನೊಡನೆ ಉರ್ದು ಮಾತಾಡುತ್ತಿದ್ದ. ನಾನು ಉಡುಪಿಯ ಶಾಲೆಯಲ್ಲಿ ಕಲಿತು, ವಾರ್ಡಿನಲ್ಲಿ ರಿಪೇರಿ ಮಾಡಿಸಿಕೊಂಡ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಬೆಳಗಿನ ಪಾಳಿಗೆ ವ್ಯಾನ್ ಹತ್ತುವವರಲ್ಲಿ ನಾನೇ ಮೊದಲಿಗಳು, ಹಾಗಾಗಿ ಉಳಿದ ನರ್ಸುಗಳು ಹತ್ತುವವರೆಗೆ ಅವನ ಜಂಬವನ್ನೆಲ್ಲ ಕೇಳುವ ಪಾಲು ನನ್ನದೇ.

ಮೊದಲ ದಿನ ಅವನು "ಹಾಲ್ ಕೊಡಿ" ಎಂದ, ಅಂದರೆ ಸಮಾಚಾರ ಹೇಳಿ ಎಂದು. ನಾನು "ಎಲ್ಲ ಚೆನ್ನಾಗಿದೆ" ಎಂದೆ. ಅವನಿಗೆ ಅವಮಾನವಾದಂತಾಯಿತು. "ಅದು ಹಾಲ್ ಅಲ್ಲ, ಬಾಗಿಲು ಹಾಕಿಕೊಂಡ ಹಾಗೆ" ಎಂದು ಗೊಣಗಿದ. ಅವರಲ್ಲಿ ಇಬ್ಬರು ಎದುರಾದರೆ ಒಬ್ಬ ಕೇಳಬೇಕು, ಇನ್ನೊಬ್ಬ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಮಳೆ ಬಂತೋ ಇಲ್ಲವೋ ಎಂಬುದು ಮೊದಲು. ಆಮೇಲೆ ಹುಲ್ಲು, ಕುರಿ, ಯಾರಿಗೆ ಕಾಯಿಲೆ, ಯಾರು ತೀರಿಕೊಂಡರು. ತನ್ನ ಸ್ವಂತ ವಿಷಯ ಎಲ್ಲಕ್ಕಿಂತ ಕೊನೆಗೆ. ಅದನ್ನೇ ಮೊದಲು ಹೇಳುವವನು ಭಿಕ್ಷುಕ. ಕೇಳುವವನು ನಡುವೆ ಬಾಯಿ ಹಾಕಬಾರದು. ಹಾಲ್ ಕೇಳಿದವನು ಹಿರಿಯನಾಗಿದ್ದರೆ, ಕೊನೆಯಲ್ಲಿ ಹೇಳಿದವನ ಕೋರಿಕೆಗೆ ಅವನೇ ಎಲ್ಲರ ಎದುರು ಉತ್ತರ ಕೊಡಬೇಕು. ಇಷ್ಟು ಪುರಸೊತ್ತಿರುವ ಜನ ಉದ್ಧಾರವಾದ ಹಾಗೆಯೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅವನ ಮಾತಿನಂತೆ ಅಲ್ಲಿಯ ಬೆಟ್ಟಗಳು ಬೋಳು. ಅಲ್ಲೊಂದು ಇಲ್ಲೊಂದು ಜುನಿಪರ್ ಮರ, ಅದರ ಸೊಂಟ ತಬ್ಬಲು ಇಬ್ಬರು ಬೇಕು. ನೀರು ಮೇಲೆ ಹರಿಯುವುದಿಲ್ಲ, ತಾತಂದಿರು ತೋಡಿದ ಸುರಂಗಗಳಲ್ಲಿ ನೆಲದಡಿ ನಡೆದು ಏಪ್ರಿಕಾಟ್ ತೋಟಗಳಲ್ಲಿ ಏಳುತ್ತದೆ. ಹಿಮ ಬೀಳುವ ಮೊದಲು ಕುರಿ, ಗುಡಾರ, ಅಜ್ಜಿಯರು ಎಲ್ಲವನ್ನೂ ಕಟ್ಟಿಕೊಂಡು ಜನ ಕಣಿವೆ ಇಳಿದು ಬಿಸಿಲಿನ ಬಯಲಿಗೆ ಹೋಗುತ್ತಾರೆ. ಮೊದಲು ಒಂಟೆಯ ಮೇಲೆ ಹೋಗುತ್ತಿದ್ದರು, ಈಗ ಪಿಕಪ್ಪಿನಲ್ಲಿ. ವಸಂತದಲ್ಲಿ ಮತ್ತೆ ಮೇಲೆ. "ಇಷ್ಟೆಲ್ಲ ಇದ್ದವನು ಇಲ್ಲಿ ವ್ಯಾನ್ ಓಡಿಸಲು ಯಾಕೆ ಬಂದೆ?" ಎಂದು ಒಮ್ಮೆ ಕೇಳಿಬಿಟ್ಟೆ. "ಚುಚ್ಚುವುದನ್ನು ರೋಗಿಗಳಿಗೆ ಇಟ್ಟುಕೊಳ್ಳಿ, ಸಿಸ್ಟರ್" ಎಂದ.

ಆ ವರ್ಷ ಅವನ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. ಹುಡುಗಿ ಓದಿ, ಹಳ್ಳಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಗಂಡಿನ ಕಡೆಯವರು ಚಳಿಗಾಲಕ್ಕೆ ಇಳಿಯುವುದು ಬೇರೆ ಬಯಲಿಗೆ, ಸಿಂಧ್ ದಿಕ್ಕಿಗೆ. ಆದ್ದರಿಂದ ಎರಡು ಕಡೆಯವರೂ ಬೆಟ್ಟ ಇಳಿಯುವ ಮೊದಲೇ, ನವೆಂಬರ್ ನಡುವಿನೊಳಗೆ, ಮದುವೆ ಮುಗಿಯಬೇಕು. ತಂದೆ ನಿಂತು ಕಳಿಸದಿದ್ದರೆ ಈ ಹುಡುಗಿಯ ಬೆನ್ನಿಗೆ ಯಾರೂ ಇಲ್ಲವೆಂದು ಬೀಗರು ತಿಳಿಯುತ್ತಾರೆ, ಜೀವಮಾನವಿಡೀ ಹಾಗೆಯೇ ನಡೆಸಿಕೊಳ್ಳುತ್ತಾರೆ ಎಂಬುದು ಅವನ ಭಯ. ಅವನಿಗೆ ಬೇಕಾದದ್ದು ಒಂದು ತಿಂಗಳ ರಜೆ, ಅಷ್ಟೇ.

ರಜೆ ಕೊಡಬೇಕಾದವರು ನಮ್ಮ ಆಡಳಿತಾಧಿಕಾರಿ. ಮಂಗಳೂರು ಕಡೆಯವರು, ಸಾಲದ್ದಕ್ಕೆ ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಡ್ರೈವರ್ ಅವರ ಕೋಣೆಗೆ ಹೋಗಿ ನಿಂತು ಮಳೆಯಿಂದ ಶುರುಮಾಡಿದ. "ಯಲ್ಲಾ, ಬೇಗ ಬೇಗ, ಪಾಯಿಂಟ್ ಹೇಳು" ಎಂದು ಅವರು ಮೊಬೈಲಿನಲ್ಲಿ ಅವನ ಜಿಲ್ಲೆಯ ನಕ್ಷೆ ತೆರೆದು ನೋಡಿದರು. "ಇಲ್ಲಿ ಎಂತದೂ ಇಲ್ವಲ್ಲ ಮಾರಾಯ, ಬರೀ ಮಣ್ಣು!" ಎಂದು ನಕ್ಕರು. ಅವನು ಹಾಲ್ ಅರ್ಧಕ್ಕೇ ಬಿಟ್ಟು ಹೊರಗೆ ಬಂದ. ಎರಡನೆಯ ಸಲವೂ ಕುರಿಗಳ ತನಕ ಬರುವಷ್ಟರಲ್ಲಿ ಅವರಿಗೆ ಫೋನ್ ಬಂತು. ಕೊನೆಗೆ ನಾನೇ ಹೋಗಿ ಅವನ ಮಗಳ ಮದುವೆಯ ವಿಷಯ ಹೇಳಿದೆ. "ಅವನಿಗೆ ಬಾಯಿ ಇಲ್ವಾ? ನೀವ್ಯಾಕೆ ನಡುವೆ?" ಎಂದರು. ಮೊದಲು ವಿಷಯ ಹೇಳಿಬಿಡು ಎಂದು ಅವನಿಗೆ ಹೇಳಿದರೆ, "ನಾನು ಭಿಕ್ಷೆಗೆ ಬಂದಿಲ್ಲ" ಎಂದ. ಒಬ್ಬರಿಗೆ ಕಿವಿ ಇಲ್ಲ, ಇನ್ನೊಬ್ಬನಿಗೆ ಬುದ್ಧಿ ಇಲ್ಲ. ಇಬ್ಬರ ಮೇಲೂ ನನಗೆ ರೇಗಿಹೋಯಿತು.

ಅಷ್ಟರಲ್ಲಿ ಬ್ರಾಹುಯಿ ದ್ರಾವಿಡ ಭಾಷೆ, ಕನ್ನಡಕ್ಕೆ ನೆಂಟ ಎಂಬ ಸಂದೇಶವೊಂದು ಸಂಘದ ವಾಟ್ಸಾಪಿನಲ್ಲಿ ಹರಿದಾಡಿತು. ಬೆಳಗಾಗುವಷ್ಟರಲ್ಲಿ ನಮ್ಮ ಡ್ರೈವರ್ ಎಲ್ಲರಿಗೂ ಸೋದರನಾಗಿಬಿಟ್ಟ. ಇಷ್ಟು ವರ್ಷ ಅವನ ವ್ಯಾನಿನಲ್ಲಿ ಚಿಪ್ಸಿನ ಪೊಟ್ಟಣ ಎಸೆದು ಇಳಿಯುತ್ತಿದ್ದವರು ಈಗ ಅವನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡರು. ರಾಜ್ಯೋತ್ಸವದ ದಿನ ಅವನಿಗೆ ಸನ್ಮಾನ ಎಂದು ನಿರ್ಧಾರವಾಯಿತು.

ಊರಾಚೆಯ ಒಂದು ಇಸ್ತಿರಾಹಾದಲ್ಲಿ, ಅಂದರೆ ಬಾಡಿಗೆಯ ತೋಟದ ಮನೆಯಲ್ಲಿ, ಶುಕ್ರವಾರ ಮಧ್ಯಾಹ್ನ ಕಾರ್ಯಕ್ರಮ. ಅಧ್ಯಕ್ಷರು ಅವನಿಗೆ ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು, ಸಾವಿರಾರು ವರ್ಷದ ಹಿಂದೆ ಅಗಲಿದ ತಮ್ಮನ ಬಗ್ಗೆ ಉದ್ದಕ್ಕೆ ಮಾತಾಡಿದರು. ಆಮೇಲೆ ವಾಟ್ಸಾಪಿನಿಂದಲೇ ಕಲಿತ ಪದ್ಧತಿಯಂತೆ ಮೈಕನ್ನು ಅವನ ಮುಂದೆ ಹಿಡಿದು, "ನಿನ್ನ ಭಾಷೆಯಲ್ಲೇ ಹಾಲ್ ಕೊಡು" ಎಂದರು.

ಹಿರಿಯನೊಬ್ಬ ಸಭೆಯ ಎದುರು ಹಾಲ್ ಕೇಳಿದ್ದಾನೆ. ಅವನು ನೆಟ್ಟಗೆ ನಿಂತ, ಪೇಟ ಸರಿಮಾಡಿಕೊಂಡ, ಶುರುಮಾಡಿದ. ಅವನ ಭಾಷೆ ನನಗೆ ಬಾರದು. ಆದರೆ ವಾರಗಟ್ಟಲೆ ವ್ಯಾನಿನಲ್ಲಿ ಕೇಳಿದ ಸುದ್ದಿ ಅದೇ ಕ್ರಮದಲ್ಲಿ ಬರುತ್ತಿದೆ ಎಂಬುದು ಅವನ ಕೈಗಳ ಓಡಾಟದಲ್ಲೇ ತಿಳಿಯಿತು. ಮಳೆ, ಹುಲ್ಲು, ಕುರಿ, ಕಾಯಿಲೆ ಬಿದ್ದ ಅಣ್ಣ, ಕೊನೆಗೆ ಮಗಳ ಮದುವೆ. ಅಧ್ಯಕ್ಷರಿಗೆ ಇದೊಂದು ಆಟ. 'ಖಲ್' ಎಂದರೆ ಇನ್ನೊಂದು ಮೈಕಿನಲ್ಲಿ "ಕಲ್ಲು!" ಎಂದು ಕೂಗಿದರು, 'ಖನ್' ಎಂದರೆ "ಕಣ್ಣು!" ಪ್ರತಿ ಪದಕ್ಕೂ ಶಿಳ್ಳೆ. ಪಕ್ಕದಲ್ಲಿದ್ದ ತಾಯಿಯೊಬ್ಬಳು ಕನ್ನಡವೇ ಬಾರದ ತನ್ನ ಮಗನಿಗೆ, "ನೋಡು, ನಮ್ಮ ಭಾಷೆ" ಎಂದು ತೋರಿಸಿದಳು.

ಮಾತು ಮುಗಿಸಿ ಅವನು ಅಧ್ಯಕ್ಷರ ಕಡೆ ತಿರುಗಿದ. ಎದೆಯ ಮೇಲೆ ಕೈ ಇಟ್ಟು ಕಾಯುತ್ತ ನಿಂತ. ಅಧ್ಯಕ್ಷರು ಕಣ್ಣು ಒರೆಸಿಕೊಂಡು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ಎದ್ದು ನಿಂತು ತಟ್ಟಿತು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಊಟದ ಸಾಲಿನಲ್ಲಿ ಅಧ್ಯಕ್ಷರನ್ನು ಹಿಡಿದು, ಅವನು ಈಗ ಕೇಳಿದ್ದು ರಜೆ ಎಂದೆ. "ಎಂತ ಸಿಸ್ಟರ್, ಇವತ್ತಾದ್ರೂ ಡ್ಯೂಟಿ ವಿಷಯ ಬಿಡಿ. ಕೋಳಿ ಸಾರು ತಣ್ಣಗಾಗ್ತದೆ" ಎಂದು ತಟ್ಟೆ ಹಿಡಿದು ಮುಂದೆ ಹೋದರು.

ವಾಪಸು ಬರುವಾಗ ಅವನು ಗುನುಗುತ್ತಿದ್ದ. ಹೆಂಡತಿಗೆ ಫೋನ್ ಮಾಡಿ ಬರುತ್ತೇನೆಂದು ಹೇಳಿಯೂ ಆಗಿತ್ತು. "ಸಭೆ ಒಪ್ಪಿತು, ಸಿಸ್ಟರ್. ಎದ್ದು ನಿಂತು ಒಪ್ಪಿತು."

"ಅವರಿಗೆ ನಿನ್ನ ಮಾತು ಒಂದೂ ಗೊತ್ತಾಗಲಿಲ್ಲ. ಸುಮ್ಮನೆ ಚಪ್ಪಾಳೆ ತಟ್ಟಿದರು" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. "ಅರ್ಥವಾಗದೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ? ಅವರೇನು ಹುಚ್ಚರಾ?"



ಮರುದಿನ ಅವನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಆಡಳಿತಾಧಿಕಾರಿಯ ಕೋಣೆಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ. "ಎಂತ ರಜೆ? ಅದು ಕಲ್ಚರಲ್ ಪ್ರೋಗ್ರಾಂ ಅಲ್ವಾ ಮಾರಾಯ!" ಎಂದು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ನಾನು ತಡೆಯಲಾರದೆ, "ನೀವು ಸಾವಿರಾರು ವರ್ಷದ ತಮ್ಮ ಅಂದದ್ದು ಇವನನ್ನೇ ಅಲ್ವಾ ಸರ್? ತಮ್ಮನ ಮಗಳ ಮದುವೆ" ಎಂದೆ. ಅವರ ನಗು ನಿಂತಿತು. ನಜ್ರಾನ್ ಶಾಖೆಯಿಂದ ಬದಲಿ ಡ್ರೈವರ್ ಬಂದ ಮೇಲೆ ನೋಡೋಣ, ಅಲ್ಲಿಯ ತನಕ ವೀಡಿಯೋ ಕಾಲ್ ಮಾಡಿಕೊಳ್ಳಲಿ ಎಂದರು. ಆ ಕಣಿವೆಯಲ್ಲಿ ಫೋನಿನ ಮಾತು ಕೇಳಿಸಿದರೇ ಹೆಚ್ಚು, ಇಂಟರ್ನೆಟ್ ಇಲ್ಲ ಎಂದು ಡ್ರೈವರ್ ಹೇಳಿದ. "ಅದೆಂಥ ಊರು!" ಎಂದು ಅವರು ಫೋನ್ ಎತ್ತಿಕೊಂಡರು.

ಬದಲಿ ಡ್ರೈವರ್ ಬಂದದ್ದು ನವೆಂಬರ್ ಮುಗಿದ ಮೇಲೆ. ಅಷ್ಟರಲ್ಲಿ ಮದುವೆ ಆಗಿ, ಹುಡುಗಿ ಗಂಡಿನ ಕಡೆಯವರ ಜೊತೆ ಸಿಂಧ್ ದಿಕ್ಕಿಗೆ ಇಳಿದಾಗಿತ್ತು. ಕಾಯಿಲೆಯ ದೊಡ್ಡಪ್ಪ ಅವಳ ಪಕ್ಕ ನಿಂತಿದ್ದನಂತೆ, ಅದೂ ಗೋಡೆ ಹಿಡಿದುಕೊಂಡು. ಡ್ರೈವರ್ ಊರಿಗೆ ಹೋದ. ಮತ್ತೆ ಬರಲಿಲ್ಲ. ವ್ಯಾನ್ ಹತ್ತಿದರೆ ಈಗ ರೇಡಿಯೋ ಕೇಳಿಸುತ್ತದೆ.

ಅವನ ಭಾಷಣದ ವೀಡಿಯೋ ಮಾತ್ರ ಇಲ್ಲೇ ಉಳಿದಿದೆ. ಸಂಘದವರಿಗೆ ಅದೆಂದರೆ ಭಾರೀ ಅಭಿಮಾನ. ಪ್ರತಿ ರಾಜ್ಯೋತ್ಸವಕ್ಕೂ ದೊಡ್ಡ ಪರದೆಯ ಮೇಲೆ ಹಾಕುತ್ತಾರೆ, ಕೆಳಗೆ 'ನಮ್ಮ ಬ್ರಾಹುಯಿ ಸೋದರ' ಎಂದು ಬರೆದಿರುತ್ತದೆ. ಈ ವರ್ಷವೂ ಹಾಕಿದರು. ಎದೆಯ ಮೇಲೆ ಕೈ ಇಟ್ಟುಕೊಂಡು ಅವನು ಉತ್ತರಕ್ಕೆ ಕಾಯುತ್ತಾನೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.